ನಿತ್ಯಾಹಾರದಲ್ಲಿ ಕೊಬ್ಬರಿ ಎಣ್ಣೆಯ ಉಪಯೋಗ

(ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ)

ಪೀಠಿಕೆ

ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿ, ಕುಂಬಳಗೋಡು, ರಾಮೋಹಳ್ಳಿ, ತಾವರೆಕೆರೆ ಮೊದಲಾದ ಕಡೆಗಳಲ್ಲಿ ನಾಲ್ಕಾರು ತೆಂಗಿನ ಮರಗಳಿಲ್ಲದ ಹಿಡುವಳಿಯು ಅಪರೂಪವೆಂದೇ ಹೇಳಬಹುದು. ಬಾವಿಯ ಕಪಿಲೆ ಹೊಡೆಯುತ್ತಿದ್ದ ಸ್ಥಳದಲ್ಲಿ ಎರಡು, ಹಿತ್ತಿಲಲ್ಲಿ ಒಂದು, ಬದುವಿನ ಸಾಲಿನಲ್ಲಿ ಹತ್ತು, ಹೀಗೆ ಹಿರಿಯರು ನೆಟ್ಟ ಮರಗಳು ಇಂದಿಗೂ ಫಲ ಕೊಡುತ್ತಿವೆ. ಮೈಸೂರು ರಸ್ತೆಯನ್ನು ಹಿಡಿದು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ದಾಟಿ ಮದ್ದೂರಿನವರೆಗೆ ಹೋದರೆ ತೆಂಗು ಒಂದು ಬೆಳೆಯಷ್ಟೇ ಅಲ್ಲದೆ ಸಂಸಾರದ ಆಧಾರವೇ ಆಗಿರುವುದನ್ನು ಕಾಣಬಹುದು.

ಹೀಗಿದ್ದರೂ ಕೊಬ್ಬರಿ ಎಣ್ಣೆಯನ್ನು ಆಹಾರದಲ್ಲಿ ಸೇರಿಸುವ ವಾಡಿಕೆಯು ಈ ಸೀಮೆಯಲ್ಲಿ ಕಡಮೆ. ಈಚಿನ ವರ್ಷಗಳಲ್ಲಿ ಈ ಎಣ್ಣೆಯ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳು ಹಳ್ಳಿಹಳ್ಳಿಗೂ ಹರಡಿರುತ್ತವೆ. ದಿನಾ ಬೆಳಿಗ್ಗೆ ಎರಡು ಚಮಚ ಕುಡಿದರೆ ಸಕಲ ರೋಗಗಳೂ ದೂರವಾಗುವುವೆಂದು ಕೆಲವರು ಹೇಳುವರು. ಅದು ಹೃದಯಕ್ಕೆ ವಿಷಸಮಾನವೆಂದು ಮತ್ತೆ ಕೆಲವರು ಹೇಳುವರು. ಯಾವ ಮಾತನ್ನು ನಂಬಿ ನಡೆಯಬೇಕೆಂದು ರೈತರು ಊರಿನ ಹಿರಿಯರನ್ನು ಕೇಳುತ್ತಾರೆ. ಹಿರಿಯರು ಹೇಳಿದ ಮಾತು ಹತ್ತು ಮನೆಗಳ ಒಲೆಯನ್ನು ತಲಪುವುದು. ಆದುದರಿಂದ ಈ ವಿಷಯವನ್ನು ಲೆಕ್ಕಾಚಾರ ಸಮೇತವಾಗಿ ಇಲ್ಲಿ ವಿವರಿಸಿದೆ.

೧. ನಮ್ಮ ಸೀಮೆಯ ವಾಡಿಕೆ

ಕರಾವಳಿಯ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಕಾಸರಗೋಡಿನಲ್ಲಿಯೂ ತೆಂಗಿನೆಣ್ಣೆಯು ಬಹುಕಾಲದಿಂದ ಅಡಿಗೆಯ ಎಣ್ಣೆಯಾಗಿರುತ್ತದೆ. ಅಲ್ಲಿಯವರು ಒಗ್ಗರಣೆಗೂ ಪಲ್ಯಕ್ಕೂ ಮೀನಿಗೂ ಅದನ್ನೇ ಬಳಸುವರು. ಮೈದಾನ ಸೀಮೆಯಲ್ಲಿ ಸಂಗತಿ ಬೇರೆ. ಇಲ್ಲಿ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆಗಳು ಅಡಿಗೆಗೆ. ಹರಳೆಣ್ಣೆಯು ದೀಪಕ್ಕೂ ಮೈಗೂ. ಕೊಬ್ಬರಿ ಎಣ್ಣೆಯು ತಲೆಗೆ. ತೆಂಗನ್ನು ನಾವು ತಿನ್ನುವುದು ಕಾಯಿಯ ರೂಪದಲ್ಲಿ. ಸಾರಿಗೆ ರುಬ್ಬಿದ ಕಾಯಿ, ಪಲ್ಯಕ್ಕೆ ತುರಿದ ಕಾಯಿ, ಚಟ್ನಿ, ಹಬ್ಬದ ಒಬ್ಬಟ್ಟು, ಸಂಕ್ರಾಂತಿಯ ಎಳ್ಳಿಗೆ ಹೆಚ್ಚಿದ ಕೊಬ್ಬರಿ, ಇವೇ ನಮ್ಮ ವಾಡಿಕೆ.

ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳಲ್ಲಿ ಹೇರಳವಾಗಿ ಕೊಬ್ಬರಿ ತಯಾರಾಗುತ್ತಿದ್ದರೂ ಅದು ಬಹುಮಟ್ಟಿಗೆ ಎಣ್ಣೆಯ ಕೊಬ್ಬರಿಯಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳ ಕಾಲ ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಒಡೆದು ತೆಗೆಯುವ ಉಂಡೆಕೊಬ್ಬರಿಯು ತಿನ್ನುವುದಕ್ಕಾಗಿಯೇ ಉತ್ತರ ದೇಶಕ್ಕೆ ರವಾನೆಯಾಗುತ್ತದೆ. ಗಾಣಕ್ಕೆ ಹಾಕುವ ಕೊಬ್ಬರಿಯು ಕಾಯಿಯನ್ನು ಎರಡು ಹೋಳಾಗಿ ಒಡೆದು ಬಿಸಿಲಿನಲ್ಲಿ ಒಣಗಿಸಿದ್ದು. ಅದು ಕೇರಳದಲ್ಲಿಯೂ ತಮಿಳುನಾಡಿನ ಕಾಂಗೇಯಂ ಕಡೆಯಲ್ಲಿಯೂ ಹೆಚ್ಚಾಗಿ ತಯಾರಾಗುತ್ತದೆ.

ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮುಂತಾದ ಬಡಾವಣೆಗಳಲ್ಲಿ ವಿದ್ಯುಚ್ಛಕ್ತಿಯಿಂದ ತಿರುಗುವ ಮರದ ಗಾಣಗಳ ಅಂಗಡಿಗಳು ನಡೆಯುತ್ತಿವೆ. ಅಲ್ಲಿ ಕೊಬ್ಬರಿ ಎಣ್ಣೆಯನ್ನು ತಲೆಗೆಂದು ಕೊಳ್ಳುವವರ ಜೊತೆಗೆ ಅಡಿಗೆಗೆಂದು ಕೊಳ್ಳುವವರೂ ಇದ್ದಾರೆ. ಹಳ್ಳಿಯವರು ಪೇಟೆಯ ನಂಟರಿಂದ ಈ ಹೊಸ ವಾಡಿಕೆಯನ್ನು ಕಲಿಯುತ್ತಿರುವರು. ಕಲಿಯುವುದರಲ್ಲಿ ದೋಷವೇನೂ ಇಲ್ಲ. ಅಳತೆಯನ್ನು ತಿಳಿಯದೆ ಕಲಿತರೆ ಮಾತ್ರ ದೋಷವುಂಟು.

೨. ಈ ಎಣ್ಣೆಯಲ್ಲಿ ಏನಿದೆ

ಎಲ್ಲ ಎಣ್ಣೆಗಳೂ ಶಕ್ತಿಯನ್ನು ಕೊಡುವ ವಿಷಯದಲ್ಲಿ ಸಮಾನವೇ. ಒಂದು ಗ್ರಾಂ ಎಣ್ಣೆಯಿಂದ ಸುಮಾರು ೯ ಕ್ಯಾಲೊರಿ ಶಕ್ತಿ ದೊರೆಯುವುದು. ಅದೇ ತೂಕದ ರಾಗಿಯಿಂದ ದೊರೆಯುವುದು ಇದರ ಅರ್ಧಕ್ಕೂ ಕಡಮೆ. ಎಣ್ಣೆ ಎಣ್ಣೆಗೂ ಇರುವ ಭೇದವು ಅವುಗಳಲ್ಲಿರುವ ಕೊಬ್ಬಿನ ಆಮ್ಲಗಳ ಜಾತಿಯಿಂದ ಉಂಟಾಗುತ್ತದೆ. ಈ ಆಮ್ಲಗಳನ್ನು ಸ್ಥೂಲವಾಗಿ ಎರಡು ವಿಧವೆಂದು ತಿಳಿಯಬಹುದು. ತಂಪಿಗೆ ಸುಲಭವಾಗಿ ಗಟ್ಟಿಯಾಗುವ ಪರ್ಯಾಪ್ತ ಕೊಬ್ಬು ಒಂದು. ದ್ರವವಾಗಿಯೇ ಉಳಿಯುವ ಅಪರ್ಯಾಪ್ತ ಕೊಬ್ಬು ಮತ್ತೊಂದು. ತುಪ್ಪ, ಬೆಣ್ಣೆಗಳಲ್ಲಿ ಮೊದಲನೆಯದು ಹೆಚ್ಚು. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳ ಎಣ್ಣೆಯಲ್ಲಿ ಎರಡನೆಯದು ಹೆಚ್ಚು.

ಕೊಬ್ಬರಿ ಎಣ್ಣೆಯು ಗಿಡದಿಂದ ಬಂದದ್ದಾದರೂ ಅದರಲ್ಲಿ ಪರ್ಯಾಪ್ತ ಕೊಬ್ಬು ನೂರಕ್ಕೆ ಸುಮಾರು ೯೦ ಪಾಲು ಇರುತ್ತದೆ. ಈ ಲೆಕ್ಕದಲ್ಲಿ ಅದು ತುಪ್ಪವನ್ನೂ ಮೀರಿಸುವುದು. ಅದರಲ್ಲಿ ಅರ್ಧದಷ್ಟು ಭಾಗವು ಲಾರಿಕ್ ಆಮ್ಲವೆಂಬುದು. ಶರೀರವು ತಾನೇ ಮಾಡಿಕೊಳ್ಳಲಾರದೆ ಆಹಾರದಿಂದಲೇ ಪಡೆಯಬೇಕಾದ ಲಿನೋಲಿಕ್ ಮೊದಲಾದ ಅವಶ್ಯಕ ಆಮ್ಲಗಳು ಇದರಲ್ಲಿ ಬಹು ಸ್ವಲ್ಪ; ಲಿನೋಲಿಕ್ ಆಮ್ಲವು ನೂರಕ್ಕೆ ಎರಡರ ಆಸುಪಾಸು. ಹುಚ್ಚೆಳ್ಳೆಣ್ಣೆಯಲ್ಲಿಯಾದರೋ ಅರ್ಧಕ್ಕಿಂತ ಹೆಚ್ಚಿನ ಭಾಗವು ಇದೇ ಆಮ್ಲವಾಗಿರುತ್ತದೆ. ಆದಕಾರಣ ಕೊಬ್ಬರಿ ಎಣ್ಣೆಯೊಂದನ್ನೇ ನಂಬಿ ಮಿಕ್ಕ ಎಣ್ಣೆಗಳನ್ನು ಬಿಟ್ಟ ಸಂಸಾರಕ್ಕೆ ಒಂದು ಕೊರತೆ ಉಂಟಾಗುವುದು.

ಈ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾದರೆ ಹೆಪ್ಪುಗಟ್ಟುವುದು. ಬೆಂಗಳೂರಿನ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೆಳಗಿನ ಹೊತ್ತು ಸೀಸೆಯೊಳಗಿನ ಎಣ್ಣೆಯು ಮೇಣದಂತೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ಇದು ಎಣ್ಣೆಯ ಸಹಜ ಗುಣ, ಕೆಟ್ಟಿದೆಯೆಂದು ಚೆಲ್ಲಬಾರದು. ಹೆಪ್ಪುಗಟ್ಟಿತೆಂಬ ಮಾತ್ರಕ್ಕೆ ಶುದ್ಧವೆಂದು ನಿರ್ಧರಿಸುವುದೂ ಸರಿಯಲ್ಲ. ತಾಳೆಬೀಜದ ಎಣ್ಣೆಯಂತಹ ಇತರ ಎಣ್ಣೆಗಳಿಗೂ ತಂಪಿನಲ್ಲಿ ಗಟ್ಟಿಯಾಗುವ ಗುಣವುಂಟು.

೩. ಜನರಲ್ಲಿ ಹರಡಿರುವ ಮಾತುಗಳ ಪರಿಶೀಲನೆ

ಮೊದಲನೆಯ ಮಾತು: ಕೊಬ್ಬರಿ ಎಣ್ಣೆಯು ಬೇಗ ಜೀರ್ಣವಾಗಿ ಮೈಯಲ್ಲಿ ಕೊಬ್ಬಾಗಿ ನಿಲ್ಲದೆ ಉರಿದುಹೋಗುವುದು. ಇದರಲ್ಲಿ ಒಂದು ಸತ್ಯಾಂಶವಿದೆ. ಮಧ್ಯಮ ಸರಪಳಿಯ ಕೆಲವು ಆಮ್ಲಗಳು ಕರುಳಿನಿಂದ ನೇರವಾಗಿ ರಕ್ತದಲ್ಲಿ ಸೇರಿ ಯಕೃತ್ತಿಗೆ ಹೋಗಿ ಶೀಘ್ರವಾಗಿ ಶಕ್ತಿಯಾಗುವುವು. ಆದರೆ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಪ್ರಯೋಗಿಸಿದ್ದು ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಎರಡು ಆಮ್ಲಗಳಿಂದ ಬೇರೆಯಾಗಿ ತಯಾರಿಸಿದ ಎಣ್ಣೆಯನ್ನು. ಕೊಬ್ಬರಿ ಎಣ್ಣೆಯಲ್ಲಿ ಇವೆರಡೂ ಸೇರಿ ನೂರಕ್ಕೆ ಹದಿನೈದರ ಒಳಗೆ. ಹೆಚ್ಚಾಗಿರುವ ಲಾರಿಕ್ ಆಮ್ಲದ ಬಹುಭಾಗವು ಇತರ ಕೊಬ್ಬುಗಳಂತೆಯೇ ದೇಹದಲ್ಲಿ ಸೇರುವುದು. ಒಂದರ ಗುಣವನ್ನು ಮತ್ತೊಂದಕ್ಕೆ ಹೇಳಿ ಮಾರುವುದು ನ್ಯಾಯವಲ್ಲ.

ಎರಡನೆಯ ಮಾತು: ನಮ್ಮ ಕರಾವಳಿಯವರೂ ಸಮುದ್ರದ್ವೀಪಗಳ ಜನರೂ ತೆಂಗನ್ನೇ ತಿಂದು ಆರೋಗ್ಯವಾಗಿದ್ದರು. ಇದೂ ಸುಳ್ಳಲ್ಲ. ಪೆಸಿಫಿಕ್ ಸಾಗರದ ಟೊಕೆಲಾವು ದ್ವೀಪದ ಜನರು ತಮ್ಮ ಆಹಾರದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ತೆಂಗಿನಿಂದಲೇ ಪಡೆಯುತ್ತಿದ್ದರೆಂದೂ, ಅವರಲ್ಲಿ ರಕ್ತನಾಳಗಳ ರೋಗವು ಸಾಮಾನ್ಯವಾಗಿರಲಿಲ್ಲವೆಂದೂ ೧೯೮೧ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದುಬಂದಿತು. ಆದರೆ ಅವರು ತಿನ್ನುತ್ತಿದ್ದುದು ನಾರಿನಿಂದ ಕೂಡಿದ ಕಾಯಿಯನ್ನು, ಜೊತೆಗೆ ಮೀನು. ದಿನವೆಲ್ಲ ಮೈಮುರಿದು ದುಡಿಯುತ್ತಿದ್ದರು. ಅಂಗಡಿಯ ಸಕ್ಕರೆ, ಮೈದಾ, ಕರಿದ ತಿಂಡಿಗಳು ಅವರಿಗೆ ಅಪರೂಪ. ಕಾಯಿ ತಿಂದು ತೋಟ ಅಗೆಯುವವನಿಗೆ ಹೇಳಿದ ಮಾತು, ಬೋಂಡ ತಿಂದು ಕುರ್ಚಿಯಲ್ಲಿ ಕುಳಿತವನಿಗೆ ಅನ್ವಯಿಸುವುದಿಲ್ಲ.

ಮೂರನೆಯ ಮಾತು: ಈ ಎಣ್ಣೆಯು ಹೃದಯಕ್ಕೆ ಕೆಡುಕು. ಇದರ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ೧೬ ಪ್ರಯೋಗಗಳನ್ನು ಒಟ್ಟುಗೂಡಿಸಿ ಸಿಂಗಪುರದ ವಿದ್ವಾಂಸರು ೨೦೨೦ರಲ್ಲಿ ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಸಾಮಾನ್ಯವಾದ ಇತರ ಬೀಜದ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಪ್ರತಿ ಡೆಸಿಲೀಟರಿಗೆ ಸುಮಾರು ೧೦ ಮಿಲಿಗ್ರಾಂನಷ್ಟು ಏರಿಸುವುದೆಂದೂ, ಒಳ್ಳೆಯದೆನ್ನುವ ಕೊಲೆಸ್ಟರಾಲನ್ನು ಸುಮಾರು ೪ ಮಿಲಿಗ್ರಾಂನಷ್ಟು ಏರಿಸುವುದೆಂದೂ ಕಂಡುಬಂದಿತು. ಒಳ್ಳೆಯದರ ಏರಿಕೆಯು ಕೆಟ್ಟದ್ದರ ಏರಿಕೆಯನ್ನು ಸರಿತೂಗಿಸುವುದೆಂದು ಭಾವಿಸುವುದಕ್ಕೆ ಆಧಾರವಿಲ್ಲ. ಇನ್ನೊಂದು ಕಡೆ, ಕೇರಳದಲ್ಲಿ ಹೃದ್ರೋಗವಿದ್ದು ಚಿಕಿತ್ಸೆ ಪಡೆಯುತ್ತಿದ್ದ ೨೦೦ ಜನರಿಗೆ ಎರಡು ವರ್ಷಗಳ ಕಾಲ ಕೆಲವರಿಗೆ ತೆಂಗಿನೆಣ್ಣೆಯನ್ನೂ ಕೆಲವರಿಗೆ ಸೂರ್ಯಕಾಂತಿ ಎಣ್ಣೆಯನ್ನೂ ಕೊಟ್ಟು ನೋಡಿದ್ದರ ಫಲಿತಾಂಶವು ೨೦೧೬ರಲ್ಲಿ ಪ್ರಕಟವಾಯಿತು; ಎರಡು ತಂಡಗಳಿಗೂ ಗಣನೀಯ ಭೇದ ಕಾಣಲಿಲ್ಲ. ಆದರೆ ೨೦೦ ಜನರು ಚಿಕ್ಕ ಸಂಖ್ಯೆ. ಅವರು ಔಷಧವನ್ನು ಸೇವಿಸುತ್ತಿದ್ದವರು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸಿದ್ಧಾಂತವು ಇಷ್ಟೇ: ಕೊಬ್ಬರಿ ಎಣ್ಣೆಯು ವಿಷವಲ್ಲ, ಔಷಧವೂ ಅಲ್ಲ. ತುಪ್ಪದಂತೆ ಅದೂ ಮಿತವಾಗಿ ಬಳಸತಕ್ಕ ಒಂದು ಆಹಾರ ಪದಾರ್ಥ. ಮರೆವಿನ ರೋಗ, ಸಕ್ಕರೆ ರೋಗ, ಬೊಜ್ಜು ಮೊದಲಾದುವುಗಳನ್ನು ಇದು ಗುಣಪಡಿಸುವುದೆಂಬ ಪ್ರಚಾರಕ್ಕೆ ಸಾಕಷ್ಟು ಪ್ರಮಾಣವಿಲ್ಲ. ಇದನ್ನು ನಂಬಿ ವೈದ್ಯರ ಔಷಧವನ್ನು ಬಿಟ್ಟವರು ದೊಡ್ಡ ನಷ್ಟಕ್ಕೆ ಗುರಿಯಾಗುವರು.

೪. ದಿನಕ್ಕೆ ಎಷ್ಟು: ಒಂದು ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೧೯೧೮ರಲ್ಲಿ ಕೂನೂರಿನಲ್ಲಿ ಚಿಕ್ಕ ಶೋಧನಾಲಯವಾಗಿ ಆರಂಭವಾಗಿ ಬೆಳೆದುಬಂದ ಸಂಸ್ಥೆ. ಅಡಿಗೆಗೆ ಬಳಸುವ ಎಣ್ಣೆ ತುಪ್ಪಗಳೆಲ್ಲ ಸೇರಿ ಒಬ್ಬ ವಯಸ್ಕನಿಗೆ ದಿನಕ್ಕೆ ೨೦ರಿಂದ ೪೦ ಗ್ರಾಂ ಸಾಕೆಂಬುದು ಇದರ ಮೂಲಕ ನಮಗೆ ದೊರೆತಿರುವ ಅಳತೆ. ಕುಳಿತು ಕೆಲಸ ಮಾಡುವ ಸ್ತ್ರೀಗೆ ೨೦, ಪುರುಷನಿಗೆ ೨೫. ಮಿತವಾದ ಶ್ರಮದವರಿಗೆ ೨೫ರಿಂದ ೩೦. ನೇಗಿಲು, ಗುದ್ದಲಿ ಹಿಡಿದು ಕಠಿನವಾಗಿ ದುಡಿಯುವ ಪುರುಷನಿಗೆ ೪೦. ಪರ್ಯಾಪ್ತ ಕೊಬ್ಬಿನಿಂದ ಬರುವ ಶಕ್ತಿಯು ಒಟ್ಟು ಆಹಾರದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪುನಃ ತಿಳಿಸಿರುತ್ತದೆ. ದಿನಕ್ಕೆ ೨೦೦೦ ಕ್ಯಾಲೊರಿ ಉಣ್ಣುವವರಿಗೆ ಈ ಮಿತಿಯು ಸುಮಾರು ೨೨ ಗ್ರಾಂ.

ಈಗ ಐದು ಮಂದಿಯ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ದಿನಕ್ಕೆ ಅರ್ಧ ತೆಂಗಿನಕಾಯಿಯನ್ನು ಸಾರಿಗೂ ಚಟ್ನಿಗೂ ಬಳಸುವರೆಂದು ಭಾವಿಸಿರಿ. ಮಧ್ಯಮ ಗಾತ್ರದ ಕಾಯಿಯಲ್ಲಿ ಸುಮಾರು ೩೦೦ ಗ್ರಾಂ ತಿರುಳು. ಅದರಲ್ಲಿ ಮೂರನೆಯ ಒಂದು ಪಾಲು, ಎಂದರೆ ೧೦೦ ಗ್ರಾಂ, ಕೊಬ್ಬು. ಅರ್ಧ ಕಾಯಿಯಿಂದ ೫೦ ಗ್ರಾಂ. ತಲೆಗೆ ೧೦ ಗ್ರಾಂ. ಇದರಲ್ಲಿ ೯ ಗ್ರಾಂ ಪರ್ಯಾಪ್ತ ಕೊಬ್ಬು. ಅಂದರೆ ಎಣ್ಣೆಯ ಸೀಸೆಯನ್ನು ಮುಟ್ಟುವುದಕ್ಕೆ ಮುಂಚೆಯೇ ಮಿತಿಯ ಐದರಲ್ಲಿ ಎರಡು ಪಾಲು ಮುಗಿದುಹೋಯಿತು.

ಇದಕ್ಕೆ ಕಡಲೆಕಾಯಿ ಎಣ್ಣೆ ತಲೆಗೆ ೨೦ ಗ್ರಾಂ ಸೇರಿಸಿದರೆ ಪರ್ಯಾಪ್ತ ಕೊಬ್ಬು ಸುಮಾರು ೪ ಗ್ರಾಂ. ಒಂದು ಲೋಟ ಹಾಲು ಅಥವಾ ಮೊಸರಿನಿಂದ ಸುಮಾರು ೪ ಗ್ರಾಂ. ಒಟ್ಟು ೧೭. ಇನ್ನು ಉಳಿದ ಅವಕಾಶವು ೫ ಗ್ರಾಂ ಮಾತ್ರ. ಒಂದು ಸಣ್ಣ ಚಮಚ, ಎಂದರೆ ೫ ಮಿಲಿಲೀಟರು, ಕೊಬ್ಬರಿ ಎಣ್ಣೆಯಲ್ಲಿ ಸುಮಾರು ೪ ಗ್ರಾಂ ಪರ್ಯಾಪ್ತ ಕೊಬ್ಬಿರುವುದರಿಂದ ಅದು ಈ ಅವಕಾಶದಲ್ಲಿ ಹಿಡಿಸುವುದು. ಅದಕ್ಕೆ ಬದಲಾಗಿ ಪ್ರಚಾರಕರು ಹೇಳುವಂತೆ ದೊಡ್ಡ ಚಮಚದಲ್ಲಿ ಎರಡು ಚಮಚ ಕುಡಿದರೆ ಅದೊಂದರಿಂದಲೇ ಸುಮಾರು ೨೫ ಗ್ರಾಂ ಸೇರಿ ಇಡೀ ದಿನದ ಮಿತಿಯೇ ಮೀರಿಹೋಗುವುದು.

ಆದಕಾರಣ ಮುಖ್ಯವಾದ ಸೂತ್ರಗಳು ಎರಡು:

(ಅ) ತಲೆಗೆ ದಿನಕ್ಕೆ ಒಂದು ಸಣ್ಣ ಚಮಚಕ್ಕೆ ಮೀರಿ ಕೊಬ್ಬರಿ ಎಣ್ಣೆಯನ್ನು ಬಳಸಕೂಡದು.

(ಆ) ಅದನ್ನು ಈಗ ಬಳಸುತ್ತಿರುವ ಎಣ್ಣೆಯ ಮೇಲೆ ಹೆಚ್ಚಿಗೆಯಾಗಿ ಸುರಿಯದೆ, ಅಷ್ಟೇ ಅಳತೆಯ ಬೇರೆ ಎಣ್ಣೆಯನ್ನಾಗಲಿ ತುಪ್ಪವನ್ನಾಗಲಿ ಕಡಮೆ ಮಾಡಿ ಅದರ ಸ್ಥಾನದಲ್ಲಿ ಬಳಸತಕ್ಕದ್ದು.

ದಿನಕ್ಕೆ ಒಂದು ಪೂರ್ಣ ಕಾಯಿಯನ್ನು ಉಪಯೋಗಿಸುವ ಐದು ಮಂದಿಯ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಅವಶ್ಯಕತೆಯೇ ಇಲ್ಲ. ಕಾಯಿಯನ್ನು ತಿಂದವರು ಎಣ್ಣೆಯನ್ನೂ ತಿಂದಂತೆಯೇ. ಅದರ ಮೇಲೆ ನಾರೂ ದೊರೆಯುವುದು.

೫. ಶ್ರಮಕ್ಕೆ ತಕ್ಕ ಆಹಾರ

ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ ಇವೆಲ್ಲ ಒಂದು ಕಾಲದಲ್ಲಿ ಹೊಲಗದ್ದೆಗಳ ಗ್ರಾಮಗಳು. ಇಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬೀದಿಗಳಲ್ಲಿ ಅವು ಸೇರಿಹೋಗಿವೆ. ಕೆಂಗೇರಿಗೆ ೨೦೨೧ರಲ್ಲಿ ಮೆಟ್ರೋ ರೈಲು ಬಂದಿತು. ೨೦೨೩ರಲ್ಲಿ ಅದು ಚಲ್ಲಘಟ್ಟದವರೆಗೆ ಮುಂದುವರಿಯಿತು. ಹೊಲವನ್ನು ಮಾರಿದ ಅಥವಾ ಗುತ್ತಿಗೆಗೆ ಕೊಟ್ಟ ಮನೆಗಳಲ್ಲಿ ಯಜಮಾನರ ಕೆಲಸವು ಬದಲಾಗಿದೆ. ಮುಂಜಾನೆಯಿಂದ ಬೈಗಿನವರೆಗೆ ನೇಗಿಲ ಹಿಂದೆ ನಡೆದ ಅಜ್ಜನಿಗೆ ಬೇಕಾಗಿದ್ದ ಎಣ್ಣೆಯು, ಬಾಡಿಗೆಯನ್ನು ವಸೂಲು ಮಾಡಿಕೊಂಡು ಮನೆಯಲ್ಲಿರುವ ಮೊಮ್ಮಗನಿಗೆ ಬೇಕಿಲ್ಲ. ಶ್ರಮವು ಕಡಮೆಯಾಗಿ ಊಟವು ಮಾತ್ರ ಹಳೆಯಂತೆಯೇ ಉಳಿದ ಮನೆಗಳಲ್ಲಿ ಸಕ್ಕರೆ ರೋಗ, ರಕ್ತದ ಒತ್ತಡ, ಎದೆನೋವುಗಳು ನಡುವಯಸ್ಸಿನಲ್ಲಿಯೇ ತಲೆದೋರುವ ಭಯವುಂಟು. ಇಂತಹ ಮನೆಗಳಲ್ಲಿ ಯಾವ ಎಣ್ಣೆಯನ್ನು ಕೊಳ್ಳಬೇಕೆಂಬ ಪ್ರಶ್ನೆಗಿಂತ ತಿಂಗಳಿಗೆ ಎಷ್ಟು ಎಣ್ಣೆಯನ್ನು ಕೊಳ್ಳಬೇಕೆಂಬ ಪ್ರಶ್ನೆಯೇ ಮೊದಲು ಕೇಳತಕ್ಕದ್ದು. ಐದು ಮಂದಿಗೆ ತಲೆಗೆ ೨೫ ಗ್ರಾಂನಂತೆ ತಿಂಗಳಿಗೆ ೩.೭೫ ಕಿಲೋಗ್ರಾಂ, ಎಂದರೆ ಸುಮಾರು ೪ ಲೀಟರು ಸಾಕು. ಇದಕ್ಕೆ ಮೀರಿ ಖರ್ಚಾಗುತ್ತಿದ್ದರೆ ಆ ಹೆಚ್ಚಿಗೆಯು ಮೈಗೂ ನಷ್ಟ, ಹಣಕ್ಕೂ ನಷ್ಟ.

ಎಣ್ಣೆಯನ್ನು ಸಂಪೂರ್ಣವಾಗಿ ಬಿಡುವುದೂ ತಪ್ಪು. ರಾಗಿಯಲ್ಲಿ ಸುಣ್ಣದ ಅಂಶವು ವಿಶೇಷವಾಗಿದ್ದರೂ ಕೊಬ್ಬು ನೂರಕ್ಕೆ ಎರಡು ಪಾಲಿನ ಒಳಗೆ. ಸೊಪ್ಪುಗಳಲ್ಲಿರುವ, ಕಣ್ಣಿಗೆ ಹಿತವಾದ ಎ ಜೀವಸತ್ವದ ಮೂಲಾಂಶವು ಸ್ವಲ್ಪ ಕೊಬ್ಬಿನ ಜೊತೆಯಲ್ಲಿ ಸೇರಿದರೆ ಮಾತ್ರ ಚೆನ್ನಾಗಿ ಮೈಗೆ ಹತ್ತುವುದು. ಆದುದರಿಂದ ಸೊಪ್ಪಿನ ಸಾರಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆಯನ್ನು ಹಾಕುವ ನಮ್ಮ ಹೆಂಗಸರ ಪದ್ಧತಿಯು ಯುಕ್ತವಾದುದು. ಬೆಳೆಯುವ ಮಕ್ಕಳಿಗೂ ಬಾಣಂತಿಯರಿಗೂ ಈ ಒಗ್ಗರಣೆಯನ್ನು ತಪ್ಪಿಸಬಾರದು. ಅದು ಕೊಬ್ಬರಿ ಎಣ್ಣೆಯೇ ಆಗಬೇಕೆಂಬ ನಿರ್ಬಂಧವೇನೂ ಇಲ್ಲ.

೬. ಅಡಿಗೆಯಲ್ಲಿ ಬಳಸುವ ಕ್ರಮ

ಕೊಬ್ಬರಿ ಎಣ್ಣೆಯ ಪರಿಮಳವು ಕೆಲವು ಪದಾರ್ಥಗಳಿಗೆ ಚೆನ್ನಾಗಿ ಒಪ್ಪುವುದು. ಬೇಯಿಸಿದ ತರಕಾರಿಯ ಪಲ್ಯ, ಮಜ್ಜಿಗೆಹುಳಿ, ಹುರುಳಿಕಾಯಿ, ಬಾಳೆಕಾಯಿ, ಕುಂಬಳಕಾಯಿಗಳಿಗೆ ಇಳಿಸುವ ಹೊತ್ತಿನಲ್ಲಿ ಒಂದೆರಡು ಚಮಚ ಹಸಿಯಾಗಿಯೇ ಹಾಕಿ ಕರಿಬೇವನ್ನು ಸೇರಿಸಿ ಮುಚ್ಚಿಟ್ಟರೆ ರುಚಿಯು ಹೆಚ್ಚುವುದು; ಎಣ್ಣೆಯೂ ಸ್ವಲ್ಪ ಹಿಡಿಯುವುದು. ಅಭ್ಯಾಸವಿಲ್ಲದವರಿಗೆ ಮೊದಮೊದಲು ಇದರ ವಾಸನೆಯು ತಲೆಗೆ ಹಚ್ಚಿದ ಎಣ್ಣೆಯ ನೆನಪನ್ನು ತರಬಹುದು. ವಾರಕ್ಕೆ ಎರಡು ದಿನ ಮಾಡಿ ನೋಡಿ, ಮನೆಯವರಿಗೆ ಒಗ್ಗಿದರೆ ಮುಂದುವರಿಸಬಹುದು; ಒಗ್ಗದಿದ್ದರೆ ಬಿಟ್ಟುಬಿಡಬಹುದು. ಬಿಟ್ಟವರಿಗೆ ಯಾವ ನಷ್ಟವೂ ಇಲ್ಲ.

ಗಾಣದ ಎಣ್ಣೆಯು ಸುಮಾರು ೧೭೫ ಡಿಗ್ರಿ ಕಾವಿಗೆ ಹೊಗೆಯಾಡತೊಡಗುವುದು. ಹೊಗೆ ಬಂದ ಎಣ್ಣೆಯು ಕೆಟ್ಟ ಎಣ್ಣೆ. ಆದಕಾರಣ ಸಣ್ಣ ಉರಿಯಲ್ಲಿ ಒಗ್ಗರಣೆಗೆ ಬಳಸಬೇಕು. ಕೊಬ್ಬರಿ ಎಣ್ಣೆಯನ್ನು ಬೇರೆ ಎಣ್ಣೆಯೊಂದಿಗೆ ಬೆರಸಿ ಬಾಣಲೆಯಲ್ಲಿ ಕರಿಯಬಾರದು. ಬೆರಕೆ ಎಣ್ಣೆಯು ನೊರೆಗಟ್ಟಿ ಉಕ್ಕಿ ಕೈಸುಡುವ ಅಪಾಯವಿದೆ. ಎರಡು ಎಣ್ಣೆಗಳನ್ನು ಬಳಸುವುದೆಂದರೆ ಬೇರೆ ಬೇರೆ ಅಡಿಗೆಗಳಿಗೆ ಬೇರೆ ಬೇರೆಯಾಗಿ ಬಳಸುವುದೆಂದು ಅರ್ಥ. ಕರಿದು ಉಳಿದ ಯಾವ ಎಣ್ಣೆಯನ್ನೂ ಮತ್ತೆ ಮತ್ತೆ ಕಾಯಿಸಕೂಡದು.

೭. ಮನೆಯ ಕಾಯಿಯಿಂದ ಎಣ್ಣೆ

ಮೇಲೆ ಹೇಳಿದ ಅಳತೆಯಂತೆ ಐದು ಮಂದಿಗೆ ದಿನಕ್ಕೆ ೨೫ ಮಿಲಿಲೀಟರು, ತಿಂಗಳಿಗೆ ೭೫೦ ಮಿಲಿಲೀಟರು ಎಣ್ಣೆ ಬೇಕು. ಒಂದು ಕಾಯಿಯಿಂದ ಸುಮಾರು ೧೫೦ ಗ್ರಾಂ ಒಣಕೊಬ್ಬರಿಯೂ, ಅದರಿಂದ ನೂರಕ್ಕೆ ೬೦ರಂತೆ ೯೦ ಗ್ರಾಂ ಎಣ್ಣೆಯೂ ದೊರೆಯುವುದು. ಹೀಗೆ ಒಂದು ಲೀಟರಿಗೆ ಹತ್ತು ಕಾಯಿ. ಸಂಸಾರಕ್ಕೆ ತಿಂಗಳಿಗೆ ಎಂಟು ಕಾಯಿ. ವರ್ಷಕ್ಕೆ ಸುಮಾರು ನೂರು. ನೀರು ಗೊಬ್ಬರಗಳನ್ನು ಕಂಡ ನಾಟಿ ಮರವೊಂದು ವರ್ಷಕ್ಕೆ ೬೦ರಿಂದ ೮೦ ಕಾಯಿ ಕೊಡುವುದರಿಂದ ಎರಡು ಮರಗಳ ಫಲ ಸಾಕು. ದಿನದ ಅರ್ಧ ಕಾಯಿಗೆ ಇನ್ನು ಮೂರು ಮರ. ಒಟ್ಟು ಐದು ಮರಗಳಿಂದ ಮನೆಯ ಕಾಯಿ, ಎಣ್ಣೆ ಎರಡೂ ನಡೆದುಹೋಗುವುವು. ಮಿಕ್ಕದ್ದನ್ನು ಮಾರಬಹುದು.

ಕೊಬ್ಬರಿಯನ್ನು ಒಣಗಿಸುವ ಕ್ರಮ: ಹನ್ನೆರಡು ತಿಂಗಳು ಬಲಿತ ಕಾಯಿಗಳನ್ನು ಆರಿಸಿ, ಸುಲಿದು, ಎರಡು ಹೋಳು ಮಾಡಿ ನೀರನ್ನು ಚೆಲ್ಲಿ, ತಿರುಳು ಮೇಲ್ಮುಖವಾಗಿರುವಂತೆ ಚಾಪೆಯ ಮೇಲೆ ಬಿಸಿಲಿಗೆ ಹಾಕಬೇಕು. ನೆಲದ ಮಣ್ಣಿನ ಮೇಲೆ ಹಾಕಬಾರದು. ಎರಡು ಮೂರು ದಿನಗಳಲ್ಲಿ ತಿರುಳು ಚಿಪ್ಪನ್ನು ಬಿಡುವುದು. ಬಿಡಿಸಿ ಮತ್ತೆ ನಾಲ್ಕೈದು ದಿನ ಒಣಗಿಸಬೇಕು. ಸಂಜೆ ಇಬ್ಬನಿ ತಗಲದಂತೆ ಒಳಗೆ ತೆಗೆಯಬೇಕು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ತೇವವು ನೂರಕ್ಕೆ ಆರರಷ್ಟು ಮಾತ್ರ ಉಳಿದಿರುವುದು. ಮುರಿದರೆ ಪಟ್ಟನೆ ಮುರಿಯುವುದು. ಮೋಡ ಮಳೆಯ ದಿನಗಳಲ್ಲಿ ಈ ಕೆಲಸವನ್ನು ಆರಂಭಿಸಬಾರದು.

ಬೂಸಲು ಹಿಡಿದ ಕೊಬ್ಬರಿಯನ್ನು ಒರಸಿ ಗಾಣಕ್ಕೆ ಹಾಕುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು. ಹಸುರು, ಹಳದಿ ಬೂಸಲುಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುವು. ಅದು ಯಕೃತ್ತನ್ನು ಕೆಡಿಸುವುದು; ಕಾಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಕೊಬ್ಬರಿ ಬೆಳ್ಳಗೆ ಕಾಣಲೆಂದು ಗಂಧಕದ ಹೊಗೆ ಕೊಟ್ಟ ಸರಕನ್ನೂ ತಿನ್ನುವ ಎಣ್ಣೆಗೆ ಬಳಸಬಾರದು.

ಗಾಣವು ದೂರವಿರುವವರು ಮನೆಯಲ್ಲಿಯೇ ಸ್ವಲ್ಪ ಎಣ್ಣೆ ತೆಗೆಯಬಹುದು. ಹಸಿಕಾಯಿಯನ್ನು ತುರಿದು ಬಿಸಿನೀರಿನೊಡನೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕದಡುತ್ತಿದ್ದರೆ ನೀರು ಆರಿ ಗಸಿಯು ಕೆಂಪಗಾಗಿ ಎಣ್ಣೆಯು ಬೇರೆಯಾಗುವುದು. ಗಸಿ ಕಪ್ಪಾಗುವ ಮುಂಚೆ ಇಳಿಸಿ ಸೋಸಬೇಕು. ಇದೇ ತತ್ತ್ವವನ್ನು ಸುಧಾರಿಸಿ ಹಸಿಕಾಯಿಯಿಂದ ಎಣ್ಣೆ ತೆಗೆಯುವ ವಿಧಾನಗಳನ್ನು ಮೈಸೂರಿನ ಕೇಂದ್ರ ಆಹಾರ ತಂತ್ರ ಸಂಶೋಧನಾಲಯವೂ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯವೂ ರೂಪಿಸಿರುತ್ತವೆ. ಕಾಸರಗೋಡಿನಲ್ಲಿ ತೆಂಗಿನ ಶೋಧನೆಯು ಆರಂಭವಾದದ್ದು ೧೯೧೬ರಲ್ಲಿ. ಆ ಪ್ರಾಂತವು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಎಣ್ಣೆಯನ್ನು ಗಾಜಿನ ಅಥವಾ ತುಕ್ಕುಹಿಡಿಯದ ಉಕ್ಕಿನ ಪಾತ್ರೆಯಲ್ಲಿ, ನೀರಿನ ಪಸೆಯಿಲ್ಲದಂತೆ ಒರಸಿ, ಬೆಳಕಿಗೆ ಮರೆಯಾಗಿ ಇಡಬೇಕು. ತಾಮ್ರದ, ಕಬ್ಬಿಣದ ಪಾತ್ರೆಗಳು ಯೋಗ್ಯವಲ್ಲ. ನೀರು ಸೇರಿದ ಎಣ್ಣೆಯು ಸಾಬೂನಿನ ರುಚಿಯನ್ನು ಹೊಂದುವುದು. ಅಂತಹುದನ್ನು ದೀಪಕ್ಕೆ ಉಪಯೋಗಿಸಬೇಕು. ಗಾಣದಲ್ಲಿ ಉಳಿಯುವ ಹಿಂಡಿಯನ್ನು ಅಲ್ಲಿಯೇ ಬಿಟ್ಟುಬರಬಾರದು. ಅದರಲ್ಲಿ ನೂರಕ್ಕೆ ಸುಮಾರು ೨೦ ಪಾಲು ಸಸಾರಜನಕವಿದ್ದು ಕರೆಯುವ ಹಸುವಿಗೆ ಒಳ್ಳೆಯ ಮೇವಾಗುವುದು.

೮. ಕೊಳ್ಳುವವರು ನೋಡತಕ್ಕ ಅಂಶಗಳು

೨೦೨೫ರಲ್ಲಿ ಕೊಬ್ಬರಿ ಎಣ್ಣೆಯ ಧಾರಣೆಯು ಬಹಳವಾಗಿ ಏರಿತು. ಧಾರಣೆ ಏರಿದಾಗ ಕಲಬೆರಕೆಯೂ ಏರುವುದು. ಕೇರಳದಲ್ಲಿ ೨೦೧೮ರಲ್ಲಿ ಕಲಬೆರಕೆಯ ಕಾರಣದಿಂದ ಹಲವು ಹೆಸರುಗಳ ತೆಂಗಿನೆಣ್ಣೆಯ ಮಾರಾಟವನ್ನು ಅಲ್ಲಿಯ ಅಧಿಕಾರಿಗಳು ನಿಷೇಧಿಸಬೇಕಾಯಿತು. ಖನಿಜ ಎಣ್ಣೆ ಬೆರೆತಿದ್ದರೆ ಅದು ಕಣ್ಣಿಗೂ ಮೂಗಿಗೂ ತಿಳಿಯದು. ಆದುದರಿಂದ ಬಿಡಿಯಾಗಿ ಅಗ್ಗಕ್ಕೆ ದೊರೆಯುವ ಎಣ್ಣೆಯನ್ನು ತಿನ್ನುವುದಕ್ಕೆ ಕೊಳ್ಳಬಾರದು.

ತಲೆಗೆ ಹಚ್ಚುವ ಎಣ್ಣೆ, ತಿನ್ನುವ ಎಣ್ಣೆ ಎಂಬ ಭೇದವು ನ್ಯಾಯಾಲಯದವರೆಗೂ ಹೋಗಿತ್ತು. ಚಿಕ್ಕ ಸೀಸೆಯಲ್ಲಿ ಮಾರುವ ಶುದ್ಧವಾದ ಕೊಬ್ಬರಿ ಎಣ್ಣೆಯನ್ನು, ಕೂದಲಿನ ಎಣ್ಣೆಯೆಂದು ಬರೆದಿಲ್ಲದ ಪಕ್ಷದಲ್ಲಿ, ತಿನ್ನುವ ಎಣ್ಣೆಯೆಂದು ತೆರಿಗೆಗೆ ಎಣಿಸಬಹುದೆಂದು ಸುಪ್ರೀಂ ಕೋರ್ಟು ೨೦೨೪ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಇದು ತೆರಿಗೆಯ ಮಾತು. ಅಡಿಗೆಗೆ ಕೊಳ್ಳುವವರು ಸೀಸೆಯ ಮೇಲೆ ‘ಖಾದ್ಯ’ವೆಂಬ ಪದವೂ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯ ಸಂಖ್ಯೆಯೂ, ತಯಾರಾದ ತಾರೀಖೂ ಇರುವುದನ್ನು ನೋಡಿಕೊಳ್ಳಬೇಕು. ಸುಗಂಧ ಬೆರಸಿದ ಕೂದಲೆಣ್ಣೆಯನ್ನು ಎಂದಿಗೂ ಒಲೆಯ ಹತ್ತಿರ ತರಬಾರದು.

೯. ಯಾರು ಬಳಸಬಾರದು

ಹೃದ್ರೋಗವಿರುವವರು, ರಕ್ತದಲ್ಲಿ ಕೊಲೆಸ್ಟರಾಲು ಹೆಚ್ಚೆಂದು ವೈದ್ಯರು ತಿಳಿಸಿದವರು, ಸಕ್ಕರೆ ರೋಗದವರು, ತಂದೆಯೋ ಅಣ್ಣನೋ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ ಮನೆಯವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ನಲವತ್ತು ವರ್ಷ ದಾಟಿದವರು ಒಮ್ಮೆ ರಕ್ತವನ್ನು ಪರೀಕ್ಷೆ ಮಾಡಿಸಿಕೊಂಡು ತಮ್ಮ ಸ್ಥಿತಿಯನ್ನು ತಿಳಿಯುವುದು ಎಲ್ಲಕ್ಕಿಂತಲೂ ಉತ್ತಮ. ಬರಿಯ ಹೊಟ್ಟೆಯಲ್ಲಿ ಎಣ್ಣೆ ಕುಡಿಯುವ ಪದ್ಧತಿಯನ್ನು ಯಾರೂ ಅನುಸರಿಸಬೇಕಾದ ಅಗತ್ಯವಿಲ್ಲ.

೧೦. ಗ್ರಾಮದ ಮುಖಂಡರಿಗೆ ಸೂಚನೆ

ಊರಿನ ಯಜಮಾನರೂ ಪಂಚಾಯಿತಿಯ ಸದಸ್ಯರೂ ಈ ವಿಷಯದಲ್ಲಿ ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದಾಗಿ, ಎಣ್ಣೆಯಿಂದ ರೋಗ ವಾಸಿಯಾಗುವುದೆಂದು ಹೇಳಿ ಹಣ ಕೀಳುವವರು ಊರಿಗೆ ಬಂದಾಗ ಮೇಲ್ಕಂಡ ಲೆಕ್ಕವನ್ನು ಹತ್ತು ಜನರ ಮುಂದೆ ವಿವರಿಸುವುದು. ಎರಡನೆಯದಾಗಿ, ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕೊಬ್ಬರಿ ಒಣಗಿಸಿ, ನಂಬಿಕೆಯ ಗಾಣದಲ್ಲಿ ತಮ್ಮ ಕಣ್ಣೆದುರಿಗೆ ಆಡಿಸಿಕೊಂಡು ಬರುವ ಏರ್ಪಾಡು ಮಾಡುವುದು. ಮೂರನೆಯದಾಗಿ, ಹುಚ್ಚೆಳ್ಳು, ಎಳ್ಳು, ಕಡಲೆಕಾಯಿಗಳನ್ನು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳುವಂತೆ ರೈತರಿಗೆ ಹೇಳುವುದು. ತೆಂಗಿನಲ್ಲಿ ಇಲ್ಲದ ಅಂಶವು ಆ ಅಕ್ಕಡಿ ಸಾಲಿನಲ್ಲಿದೆ.

ಸಾರಾಂಶ

ಕಾಯಿ ತಿನ್ನುವ ನಮ್ಮ ವಾಡಿಕೆಯು ಒಳ್ಳೆಯದು, ಅದನ್ನು ಉಳಿಸಿಕೊಳ್ಳಿರಿ. ಕೊಬ್ಬರಿ ಎಣ್ಣೆಯು ಬೇಕೆನಿಸಿದರೆ ತಲೆಗೆ ದಿನಕ್ಕೆ ಒಂದು ಸಣ್ಣ ಚಮಚ, ಅದೂ ಬೇರೆ ಎಣ್ಣೆಗೆ ಬದಲಾಗಿ. ಮಿಕ್ಕ ಅಡಿಗೆಗೆ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳ ಎಣ್ಣೆ. ಬೂಸಲಿಲ್ಲದ ಕೊಬ್ಬರಿ, ಒಣಗಿದ ಪಾತ್ರೆ, ಸಣ್ಣ ಉರಿ. ರೋಗವಿದ್ದವರು ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಮನೆಯ ಐದು ಮರಗಳನ್ನು ಚೆನ್ನಾಗಿ ನೋಡಿಕೊಂಡು, ಅಳತೆಯನ್ನು ಮೀರದೆ ಉಂಡರೆ ಮರವೂ ಬಾಳುವುದು, ಮನೆಯವರೂ ಬಾಳುವರು.